ಮಂಟಪದ ಗೇಟಿನ ನಕ್ಷೆ

ಮಧುಗಿರಿ
೧೨-೧೧-೧೯೬೦

ಚಿರಂಜೀವಿ ಬಸವಲಿಂಗಯ್ಯನಿಗೆ ಭಾವ ಮಲ್ಲಿಕಾರ್ಜುನಯ್ಯನ ಆಶೀರ್ವಾದ. ನಿನ್ನ ಅಕ್ಕ ಸಿದ್ದಗಂಗಮ್ಮ ಚೆನ್ನಾಗಿದ್ದಾಳೆ. ನಿನ್ನೆಯೂ ನನ್ನ ಕಾಫಿ ಲೋಟ ತಂದು ನಕ್ಷೆಯ ಮೇಲೆ ಇಟ್ಟು ಬೈಸಿಕೊಂಡಳು.

ವಿಷಯ ಇಷ್ಟು. ಶಿರಾ ಊರಾಚೆಯ ನಿಮ್ಮ ಮಂಟಪದ ಗೇಟು ಈಗ ನಮ್ಮ ಕಚೇರಿಯ ಮೇಜಿನ ಮೇಲೆ ಬಂದು ಕೂತಿದೆ. ಮಧುಗಿರಿ ರಸ್ತೆ ಪೂನಾ ರಸ್ತೆಗೆ ಓರೆಯಾಗಿ ಬಂದು ಸೇರುವ ಆ ಜಾಗವನ್ನು ಎತ್ತಿನ ಗಾಡಿಗಳ ಕಾಲದಲ್ಲಿ ಮಾಡಿದ್ದು. ಕಲ್ಲಿನ ಮೋರಿ ಒಂದು ಗಾಡಿಯಷ್ಟು ಅಗಲ. ತಿರುವಿನಲ್ಲಿ ಎದುರಿಂದ ಬರುವ ಲಾರಿ ಮೈಮೇಲೆ ಬರುವ ತನಕ ಕಾಣುವುದಿಲ್ಲ. ಕಳೆದ ವರ್ಷ ಮೂರು ಎತ್ತು ಸತ್ತವು, ಒಬ್ಬ ಗಾಡಿಯವನೂ ಸತ್ತ. ಎತ್ತುಗಳ ಮಾಲೀಕರು ಅರ್ಜಿ ಕೊಟ್ಟಿದ್ದಾರೆ, ಗಾಡಿಯವನ ಕಡೆಯಿಂದ ಯಾರೂ ಕೊಟ್ಟಿಲ್ಲ. ಒಟ್ಟಿನಲ್ಲಿ ಗೇಟನ್ನು ಸುಧಾರಿಸಬೇಕೆಂದು ಆಜ್ಞೆಯಾಗಿದೆ. ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಗೆರೆ ಎಳೆಯುವವನಿಗೆ ಇನ್ನೇನು ಸಿಕ್ಕೀತು ಹೇಳು. ಎಂಟು ವರ್ಷದ ಹಿಂದೆ ನಿಮ್ಮ ಚಪ್ಪರದಲ್ಲಿ ನನ್ನ ಕಾಲು ತೊಳೆಯುವ ಹೊತ್ತಿಗೆ ಅಡುಗೆ ತಟ್ಟಿಯ ಹಿಂದಿನಿಂದ ಒಂದು ಮಾತು ಬಂತು. "ಗೆರೆ ಎಳ್ಕೊಂಡು ಹೊಟ್ಟೆ ಹೊರ್ಕೊಳ್ಳೋನ ಕಾಲ್ನೂ ತೊಳೀಬೇಕಾಯ್ತಲ್ಲಪ್ಪ" ಅಂತ. ಎಲ್ಲರೂ ನಕ್ಕರು. ಮದುಮಗ ಅಳಬಾರದಲ್ಲ, ನಾನೂ ನಕ್ಕೆ. ತಟ್ಟಿಯ ಹಿಂದೆ ಆಗ ಇದ್ದವರು ನಿನ್ನ ತಾಯಿಯವರು. ಸುಮ್ಮನೆ ತಮಾಷೆಗೆ ನೆನೆಸಿಕೊಂಡೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಗೇಟಿನಲ್ಲಿ ಏನೇನು ಓಡಾಡುತ್ತದೆ ಅಂತ ಬರೆದು ತಿಳಿಸು.

ಮಲ್ಲಿಕಾರ್ಜುನಯ್ಯ


ಶಿರಾ, ಮಂಟಪದ ಗೇಟು
೨೦-೧೧-೧೯೬೦

ಪೂಜ್ಯ ಭಾವನವರ ಪಾದಗಳಿಗೆ ಬಸವಲಿಂಗಯ್ಯನ ನಮಸ್ಕಾರಗಳು.

ನಿಮ್ಮ ಕಾಗದವನ್ನು ಅಮ್ಮನಿಗೆ ಎರಡು ಸಲ ಓದಿದೆ. ಮದುವೆಯ ಸಂಗತಿ ಬರೆದ ಜಾಗ ಮಾತ್ರ ಓದಲಿಲ್ಲ. ಅದೆಲ್ಲ ಯಾರಿಗೆ ನೆನಪಿದೆ ಭಾವ, ನೀವು ದೊಡ್ಡವರು, ಮರೆತುಬಿಡಿ. ಅಮ್ಮನಿಗೆ ಹಿಡಿಸಲಾರದಷ್ಟು ಹಿಗ್ಗು. "ನೋಡ್ಲಾ, ಗೌರ್ಮೆಂಟ್ ರೋಡೇ ನಮ್ ಅಳಿಯಂದ್ರ ಕೈಲಿ ಐತೆ" ಅಂತ ಹೋಟೆಲಿಗೆ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಾಳೆ. ಜಗದಾಂಬಮ್ಮನ ಅಳಿಯ ಇಂಜಿನಿಯರಂತೆ ಅಂತ ಊರಲ್ಲಿ ಸುದ್ದಿಯಾಗಿದೆ. ನಾನು ತಿದ್ದಲು ಹೋಗಲಿಲ್ಲ.

ಗೌಡಗೆರೆ ಕಡೆಯಿಂದ ಕಡಲೆಕಾಯಿ ಗಾಡಿಗಳು ಬರುತ್ತವೆ. ಹುಣ್ಣಿಮೆಯ ಹಿಂದುಮುಂದು ಸಿದ್ದರಬೆಟ್ಟಕ್ಕೆ ಹೋಗುವವರು ಬರುತ್ತಾರೆ. ಲಾರಿಗಳಂತೂ ಹೊತ್ತು ಗೊತ್ತು ಇಲ್ಲದೆ ಬರುತ್ತವೆ. ಬಸ್ಸುಗಳು ಮಾತ್ರ ಒಂದೊಂದು ಕಡೆ ಒಂದೊಂದು ದಿನ ನಿಲ್ಲುತ್ತವೆ. ಗೇಟು ಸುಧಾರಿಸುವಾಗ ಬಸ್ಸು ನಮ್ಮ ಹೋಟೆಲಿನ ಮುಂದೆಯೇ ನಿಲ್ಲುವ ಹಾಗೆ ನಕ್ಷೆಯಲ್ಲಿ ಒಂದು ಗುರುತು ಹಾಕಲು ಆದೀತೆ? ಮುಂದುಗಡೆ ಹೋಟೆಲು, ಹಿಂದುಗಡೆ ಎರಡಂಕಣದ ಮನೆ, ಇಷ್ಟು ಬಿಟ್ಟರೆ ನಮಗೆ ಭೂಮಿಯ ಮೇಲೆ ಬೇರೆ ಏನೂ ಇಲ್ಲ ಎನ್ನುವುದು ನಿಮಗೆ ಗೊತ್ತಿದೆ. ಅಕ್ಕನಿಗೂ ತವರು ಅಂತ ಇರುವುದು ಈ ನಾಲ್ಕು ಗೋಡೆಯೇ.

ಬಸವಲಿಂಗಯ್ಯ


ಮಧುಗಿರಿ
೫-೧೨-೧೯೬೦

ಚಿ. ಬಸವಲಿಂಗಯ್ಯನಿಗೆ,

ಬಸ್ಸು ನಿಲ್ಲುವ ಮಾತು ಆಡಿದವನು ನೀನು, ನಾನಲ್ಲ. ಆದರೆ ಆಡಿದ್ದನ್ನು ಬೇಡ ಅನ್ನುವುದಿಲ್ಲ.

ನಕ್ಷೆಗೆ ಮೊದಲು ಎಣಿಕೆ ಆಗಬೇಕು. ಏಳು ದಿನ, ಬೆಳಕು ಹರಿದಾಗಿನಿಂದ ದೀಪ ಹಚ್ಚುವ ತನಕ, ಗೇಟು ದಾಟುವ ಗಾಡಿ ಎಷ್ಟು, ಮೋಟಾರು ಎಷ್ಟು ಎಂದು ಲೆಕ್ಕ ಹಿಡಿಯಬೇಕು. ಆ ಕೆಲಸಕ್ಕಿರುವ ನಮ್ಮ ಆಳು ಅಡವಯ್ಯ ಜ್ವರದಿಂದ ಮಲಗಿದ್ದಾನೆ. ನೀನು ಗಲ್ಲಾದ ಹತ್ತಿರ ಕೂತಲ್ಲೇ ಎಣಿಸಬಹುದು. ಕಚೇರಿಯ ನಮೂನೆ ಇದರೊಂದಿಗಿದೆ. ಕೆಳಗೆ ಸಹಿ ಮಾಡು.

ಓಡಾಟ ಹೆಚ್ಚಿದ್ದಷ್ಟೂ ಕೆಲಸ ದೊಡ್ಡದಾಗುತ್ತದೆ. ಇದು ಕಚೇರಿಯ ನಿಯಮ. ಹೇಳಬಾರದು, ನೀನು ನಮ್ಮವನಾದ್ದರಿಂದ ಹೇಳಿದೆ.

ಮಲ್ಲಿಕಾರ್ಜುನಯ್ಯ


ಶಿರಾ, ಮಂಟಪದ ಗೇಟು
೨-೧-೧೯೬೧

ಪೂಜ್ಯ ಭಾವನವರಿಗೆ ನಮಸ್ಕಾರಗಳು.

ಎಣಿಕೆ ಮುಗಿಯಿತು, ನಮೂನೆ ಕಳಿಸಿದ್ದೇನೆ. ವಡೆ ಕಟ್ಟುತ್ತಾ ಕಾಗದದಲ್ಲಿ ಗುರುತು ಹಾಕಲು ಆಗಲಿಲ್ಲ. ಅದಕ್ಕೆ ಗಲ್ಲಾದ ಪಕ್ಕ ಎರಡು ಕುಡಿಕೆ ಇಟ್ಟುಕೊಂಡೆ. ಗಾಡಿ ಹೋದರೆ ಒಂದರಲ್ಲಿ ಹುಣಸೆ ಬೀಜ, ಮೋಟಾರು ಹೋದರೆ ಇನ್ನೊಂದರಲ್ಲಿ ಹೊಂಗೆ ಬೀಜ. ಸಂಜೆ ಕುಡಿಕೆ ಬೋರಲು ಹಾಕಿ ಎಣಿಸಿ ಬರೆದೆ.

ನಿಮ್ಮ ಹತ್ತಿರ ಮುಚ್ಚಿಡುವುದೇನು. ನಿಜವಾಗಿ ದಿನಕ್ಕೆ ನೂರಮೂವತ್ತು, ನೂರನಲವತ್ತು ಆಗುತ್ತಿತ್ತು. ದಿನಾ ದೀಪ ಹಚ್ಚಿದ ಮೇಲೆ ಅಮ್ಮ ಬಂದು ಎರಡು ಕುಡಿಕೆಗೂ ಒಂದೊಂದು ಹಿಡಿ ಬೀಜ ಸುರಿಯುತ್ತಿದ್ದಳು. "ಕಮ್ಮಿ ಬಂದ್ರೆ ಅಳಿಯಂದ್ರ ಮರ್ವಾದೆ ಏನಾಗ್ಬೇಕು? ಅವ್ರ್ ಕೆಲ್ಸ ದೊಡ್ದಾಗ್ಲಿ ಬುಡು" ಅಂತ. ನಾನೂ ತಡೆಯಲಿಲ್ಲ. ಅಂತೂ ದಿನಕ್ಕೆ ಮುನ್ನೂರರ ಮೇಲೆ ಬಂದಿದೆ. ಜಾಸ್ತಿಯಾಯಿತು ಅನ್ನಿಸಿದರೆ ನೀವೇ ಕಡಿಮೆ ಮಾಡಿಕೊಳ್ಳಿ.

ಎದುರುಗಡೆ ಗಾಡಿ ಚಕ್ರಕ್ಕೆ ಪಟ್ಟಿ ಹೊಡೆಯುವ ಹಿದಾಯತುಲ್ಲಾ, "ಏನ್ ಬಸವಣ್ಣ, ಗೌರ್ಮೆಂಟ್‌ಗೆ ಅಳಗುಳಿಮಣೆ ಆಡ್ತಿದ್ದೀಯ?" ಅಂತ ನಗುತ್ತಿದ್ದ. ನಗಲಿ. ಅವನ ಅಂಗಡಿಯ ಪಕ್ಕ ಸರ್ಕಾರಿ ಬೀಳು ನೆಲ ಬಿಟ್ಟರೆ ಏನಿದೆ.

ಬಸವಲಿಂಗಯ್ಯ


ಮಧುಗಿರಿ
೨೮-೨-೧೯೬೧

ಚಿ. ಬಸವಲಿಂಗಯ್ಯನಿಗೆ,

ನಿನ್ನ ಅಂಕಿಗಳನ್ನು ದೊಡ್ಡ ಸಾಹೇಬರು ನೋಡಿ ಬೆರಗಾದರು. ನಾನು ಒಂದನ್ನೂ ತಿದ್ದಲಿಲ್ಲ. ಕಷ್ಟಪಟ್ಟು ಎಣಿಸಿದವನಿಗೆ ಅವಮಾನ ಮಾಡಬಾರದು.

ನಕ್ಷೆ ಚೆನ್ನಾಗಿ ಬರುತ್ತಿದೆ. ಓರೆಯಾಗಿದ್ದ ಕೂಡುವಿಕೆಯನ್ನು ನೇರ ಮಾಡಿ, ಮಧ್ಯೆ ಒಂದು ಸರ್ಕಲ್, ಸುತ್ತ ಇಪ್ಪತ್ತೆರಡು ಅಡಿ ರಸ್ತೆ, ಹೊಸ ಮೋರಿ. ಮೇಣದ ಬಟ್ಟೆಯ ಮೇಲೆ ಮಸಿಯಲ್ಲಿ ಒಂದು ಸಲ ಎಳೆದರೆ ಮುಗಿಯಿತು, ಪೆನ್ಸಿಲಿನ ಹಾಗೆ ಅಳಿಸಲು ಬರುವುದಿಲ್ಲ. ಹನ್ನೊಂದು ವರ್ಷದ ಕೆಲಸದಲ್ಲಿ ಇಷ್ಟು ಖುಷಿಯಿಂದ ನಾನು ಯಾವ ನಕ್ಷೆಯನ್ನೂ ಬರೆದಿಲ್ಲ.

ನಿಮ್ಮ ಹೋಟೆಲಿನ ಮುಂಗೋಡೆಯಿಂದ ಹಿತ್ತಲ ಗೋಡೆಗೆ ಎಷ್ಟು ಅಡಿ ಅಂತ ಅಳೆದು ಬರೆ. ಮುಂದಿನ ತಿಂಗಳು ಗುರುತಿನ ಕಲ್ಲು ನೆಡಲು ಜನ ಬರುತ್ತಾರೆ. ಅವರು ಎಲ್ಲಿ ಅಗೆದರೂ ಅಡ್ಡ ಮಾತಾಡಬೇಡ, ಕಾಫಿ ಕೊಟ್ಟು ಕಳಿಸು.

ಮಲ್ಲಿಕಾರ್ಜುನಯ್ಯ


ಶಿರಾ, ಮಂಟಪದ ಗೇಟು
೧೦-೪-೧೯೬೧

ಪೂಜ್ಯ ಭಾವನವರಿಗೆ ನಮಸ್ಕಾರಗಳು.

ಕಲ್ಲು ನೆಟ್ಟರು! ಒಂದು ಹೋಟೆಲಿನ ಮುಂದೆ, ಒಂದು ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಬಂಡೆಯ ಪಕ್ಕ. ನೀವು ಹೇಳಿದ ಹಾಗೆ ಬಂದವರಿಗೆಲ್ಲ ಇಡ್ಲಿ, ವಡೆ, ಕಾಫಿ ಕೊಟ್ಟೆ. ಅವರಲ್ಲಿ ರೇಣುಕಯ್ಯ ಅನ್ನುವ ಮೇಸ್ತ್ರಿ ತಿಂದು ಕೈತೊಳೆದುಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ. ಏನಪ್ಪ ಅಂದರೆ ಏನಿಲ್ಲ ಅಂದ.

ಸೋಮವಾರ ಅಮ್ಮ ಎರಡು ಕಲ್ಲನ್ನೂ ತೊಳೆದು, ಸುಣ್ಣ ಬಳಿದು, ವಿಭೂತಿ ಹಚ್ಚಿ, ಹೂವಿಟ್ಟು ಪೂಜೆ ಮಾಡಿದಳು. ನಾನು ತೆಂಗಿನಕಾಯಿ ಒಡೆದೆ. ಕೆಲಸ ಶುರುವಾಗುವ ಕಲ್ಲು ಪೂಜೆ ಇಲ್ಲದೆ ಇರಬಾರದಲ್ಲ. ಬಂದ ಗಿರಾಕಿಗಳಿಗೆಲ್ಲ ಕಾಯಿಚೂರಿನ ಚರ್ಪು ಹಂಚಿದೆವು. ಕಾಯಿ ಚೆನ್ನಾಗಿ ಎರಡು ಹೋಳಾಯಿತು.

ಹಿದಾಯತುಲ್ಲಾ ಮಾತ್ರ ಕಾಯಿಚೂರು ಕೈಯಲ್ಲೇ ಹಿಡಿದುಕೊಂಡು, "ಬಸವಣ್ಣ, ಖುದಾ ಕಸಮ್, ಮನೆ ಒಳ್ಗೆ ಗೌರ್ಮೆಂಟ್ ಕಲ್ಲು ಬಂದ್ಬುಟ್ರೆ ಆ ಮನೆ ನಿಂದಲ್ಲ ಕಣಪ್ಪ. ಒಂದ್ಸಲ ಮಧುಗಿರಿಗೆ ಹೋಗಿ ನಕ್ಷೆ ಕಣ್ಣಾರೆ ನೋಡ್ಕೊಂಡು ಬಾ" ಅಂದ. ನನಗೆ ಸಿಟ್ಟು ಬಂತು. ಭಾವನ ಕೈಯಲ್ಲಿರುವ ಕಾಗದ ತೋರಿಸಿ ಅಂತ ಕೇಳುವ ಮನೆತನ ನಮ್ಮದಲ್ಲ ಅಂದೆ. ಬಸ್ಸು ಅವನ ಕಡೆ ನಿಲ್ಲುವುದಿಲ್ಲ ಅಂತ ಅವನಿಗೆ ಹೊಟ್ಟೆಯುರಿ.

ಅಳತೆ ಕೇಳಿದ್ದಿರಿ. ಮುಂಗೋಡೆಯಿಂದ ಹಿತ್ತಲ ಗೋಡೆಗೆ ನಲವತ್ತೊಂದು ಅಡಿ.

ಬಸವಲಿಂಗಯ್ಯ


ಶಿರಾ, ಮಂಟಪದ ಗೇಟು
೩-೯-೧೯೬೧

ಭಾವನವರ ಪಾದಗಳಿಗೆ,

ಮೂರು ಕಾಗದ ಹಾಕಿದೆ, ನಿಮ್ಮಿಂದ ಒಂದು ಸಾಲೂ ಇಲ್ಲ. ನೋಟೀಸು ಬಂದಿದೆ. ಹೋಟೆಲೂ ಮನೆಯೂ ಪೂರ್ತಿ ರಸ್ತೆಗೆ ಹೋಗುತ್ತದಂತೆ. ಆರು ವಾರದಲ್ಲಿ ಖಾಲಿ ಮಾಡಬೇಕಂತೆ. ಏನೋ ತಪ್ಪಾಗಿದೆ ಭಾವ. ನೀವು ಊರಲ್ಲಿ ಇಲ್ಲದಾಗ ಬೇರೆ ಯಾರೋ ನಕ್ಷೆ ಕೆಡಿಸಿದ್ದಾರೆ. ಎದುರುಗಡೆ ಹಿದಾಯತುಲ್ಲಾನ ಪಕ್ಕದಲ್ಲಿ ಸರ್ಕಾರದ್ದೇ ಬೀಳು ಬಿದ್ದಿದೆಯಲ್ಲ, ಸರ್ಕಲ್ ಅಲ್ಲಿಗೆ ಸರಿಯಬಾರದೇ? ದೊಡ್ಡ ಸಾಹೇಬರಿಗೆ ನೀವು ಒಂದು ಮಾತು ಹೇಳಿದರೆ ಸಾಕು.

ಅಮ್ಮ ಊಟ ಬಿಟ್ಟಿದ್ದಾಳೆ. ಆದರೂ "ಅಳಿಯಂದ್ರು ಇರೋಗಂಟ ನಮ್ಗೇನೂ ಆಗಕ್ಕಿಲ್ಲ ಕಣ್ಲಾ" ಅನ್ನುವುದನ್ನು ಬಿಟ್ಟಿಲ್ಲ.

ಅಕ್ಕನಿಗೆ ಐದು ತಿಂಗಳು ಅಂತ ಅವಳೇ ಬರೆದಿದ್ದಾಳೆ. ಎಂಟು ವರ್ಷಕ್ಕೆ ದೇವರು ಕಣ್ಣು ಬಿಟ್ಟಿದ್ದಾನೆ. ಬಾಣಂತನಕ್ಕೆ ಇದೇ ಮನೆಗೆ ಬರಬೇಕು. ಈ ಸುದ್ದಿ ಅವಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ. ಕೈಮುಗಿದು ಕೇಳುತ್ತೇನೆ.

ಬಸವಲಿಂಗಯ್ಯ


ಮಧುಗಿರಿ
೧೫-೯-೧೯೬೧

ಬಸವಲಿಂಗಯ್ಯನಿಗೆ,

ತಪ್ಪೇನೂ ಆಗಿಲ್ಲ. ನಕ್ಷೆ ಕೆಡಿಸಿದವರೂ ಯಾರೂ ಇಲ್ಲ. ಎಲ್ಲ ಗೆರೆಗಳೂ ನನ್ನವೇ.

ನೀನು ಹೇಳುವ ಬೀಳು ನನಗೆ ಗೊತ್ತಿಲ್ಲದ್ದಲ್ಲ. ಮೊದಲ ಪೆನ್ಸಿಲ್ ನಕ್ಷೆಯಲ್ಲಿ ಸರ್ಕಲ್ ಅಲ್ಲಿಯೇ ಇತ್ತು, ನಿಮ್ಮ ಗೋಡೆಯ ಒಂದು ಮೂಲೆ ಮಾತ್ರ ಹೋಗುತ್ತಿತ್ತು. ಆದರೆ ಅಲ್ಲಿ ಹಿಡಿಸುವುದು ಸಣ್ಣ ಸರ್ಕಲ್. ದಿನಕ್ಕೆ ಇನ್ನೂರು ದಾಟಿದರೆ ಸಣ್ಣದು ನಡೆಯುವುದಿಲ್ಲ, ದೊಡ್ಡದು ಬೇಕು. ದೊಡ್ಡದಕ್ಕೆ ನಿಮ್ಮ ಕಡೆಯ ನಲವತ್ತೊಂದು ಅಡಿ ಬೇಕು. ಮುನ್ನೂರು ಅಂತ ಬರೆದು ಸಹಿ ಮಾಡಿದವನು ನೀನು. ಹಿಡಿ ಹಿಡಿ ಬೀಜ ಸುರಿದವರು ನಿನ್ನ ತಾಯಿ. ಇದು ಸುಳ್ಳೆಂದು ಈಗ ನಾನು ಹೇಳಿದರೆ ಸರ್ಕಾರಕ್ಕೆ ಸುಳ್ಳು ಲೆಕ್ಕ ಕೊಟ್ಟವನೆಂದು ನಿನ್ನನ್ನು ಎಳೆದುಕೊಂಡು ಹೋಗುತ್ತಾರೆ. ಬಾಮೈದನಿಗೆ ಅಂಥ ಗತಿ ತರಲು ನನಗೆ ಮನಸ್ಸಿಲ್ಲ.

ಇನ್ನೂರರ ಮಾತನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಕೇಳು. ನಿಮ್ಮ ಚಪ್ಪರದಲ್ಲಿ ನಾನು ನಗುತ್ತಾ ಕೂತಿದ್ದೆನಲ್ಲ, ಆಗ ನನ್ನ ಕಾಲ ಮೇಲೆ ನೀರು ಹುಯ್ಯುತ್ತಿದ್ದವನು ನೀನು. ನನ್ನಪ್ಪ ಪಕ್ಕದಲ್ಲಿ ನಿಂತು ಆ ಮಾತು ಕೇಳಿಸಿಕೊಂಡ. ಅವತ್ತು ಊಟಕ್ಕೆ ಕೂರಲಿಲ್ಲ. ಸಾಯುವ ತನಕ ಮತ್ತೆ ನಿಮ್ಮ ಹೊಸಲು ತುಳಿಯಲಿಲ್ಲ. ಯಾಕೆ ಅಂತ ನೀವು ಒಬ್ಬರಾದರೂ ಕೇಳಿದಿರಾ? ನಿನ್ನ ತಾಯಿಯವರಿಗೆ ತಿಳಿಸು, ಗೆರೆ ಎಳೆಯುವವನು ಒಂದು ಗೆರೆ ಎಳೆದರೆ ಏನಾಗುತ್ತದೆ ಅಂತ ಈಗ ಚೆನ್ನಾಗಿ ನೋಡಿಕೊಳ್ಳಲಿ.

ಸಿದ್ದಗಂಗೆಗೆ ಏನೂ ಹೇಳಿಲ್ಲ. ನೀನು ಕೇಳಿದ್ದನ್ನು ಇದೊಂದರಲ್ಲಿ ನಡೆಸಿಕೊಡುತ್ತೇನೆ.

ಮಲ್ಲಿಕಾರ್ಜುನಯ್ಯ


ಪಾವಗಡ
೪-೧೧-೧೯೬೧

ಮಲ್ಲಿಕಾರ್ಜುನಯ್ಯನವರೇ,

ಮನೆ ಹೋಯಿತು. ಒಂದೇ ದಿನದಲ್ಲಿ ಮುಗಿಸಿದರು. ಅಪ್ಪ ಕೂರಿಸಿದ್ದ ಬಾಗಿಲುವಾಡವನ್ನು ಹಿದಾಯತುಲ್ಲಾ ಕೀಳಿಸಿ ತನ್ನ ಅಂಗಡಿಯಲ್ಲಿ ಇಟ್ಟುಕೊಂಡಿದ್ದಾನೆ. ನಾನು ಕೊಟ್ಟಿದ್ದಲ್ಲ, ಬೆಂಕಿಗೆ ಹಾಕುತ್ತಾರೆ ಅಂತ ಅವನೇ ಎತ್ತಿಟ್ಟ. ಹೊಟ್ಟೆಯುರಿ ಅಂತ ನಾನು ಬರೆದಿದ್ದು ಇದೇ ಮನುಷ್ಯನ ಬಗ್ಗೆ.

ಅಮ್ಮನನ್ನು ಕರೆದುಕೊಂಡು ಪಾವಗಡಕ್ಕೆ ಬಂದಿದ್ದೇನೆ. ಕದಿರಯ್ಯ ಅನ್ನುವವರ ಹೋಟೆಲಿನಲ್ಲಿ ಕೆಲಸ. "ಏಮಯ್ಯಾ, ದೊರ ಮಾದಿರಿ ನಿಲಬಡ್ತಾವೇಮಿ? ಪ್ಲೇಟ್ಲು ಕಡುಗು" ಅಂತ, ದೊರೆಯ ಹಾಗೆ ನಿಂತಿದ್ದೀಯಲ್ಲ ಅಂತ, ದಿನಕ್ಕೆ ಹತ್ತು ಸಲ ತೆಲುಗಿನಲ್ಲಿ ಅನ್ನಿಸಿಕೊಂಡು ತಟ್ಟೆ ತೊಳೆಯುತ್ತೇನೆ. ಅಮ್ಮ ಮಾತು ಬಿಟ್ಟಿದ್ದಾಳೆ. ಒಂದೇ ಒಂದು ಸಲ ಬಾಯಿ ಬಿಟ್ಟು, "ಬೀಜ ಹಾಕಿದ್ದು ನಾನೇ ಅಲ್ವೇನ್ಲಾ" ಅಂದಳು.

ನೀವು ಗೆದ್ದೆ ಅಂದುಕೊಂಡಿದ್ದೀರಿ. ಅದಕ್ಕೆ ಒಂದು ಸಂಗತಿ ತಿಳಿಸುತ್ತೇನೆ. ಅವತ್ತು ತಟ್ಟಿಯ ಹಿಂದಿನಿಂದ ಆ ಮಾತು ಆಡಿದ್ದು ನನ್ನ ತಾಯಿಯಲ್ಲ. ನೀವು ಯಾರ ಕೊರಳಿಗೆ ಕಟ್ಟಲು ಕೂತಿದ್ದಿರೋ ಅವಳು. ಸಿದ್ದಗಂಗಮ್ಮ. ಗೆಳತಿಯರ ಮುಂದೆ ಹೇಳಿ ತಾನೇ ಮೊದಲು ನಕ್ಕಳು. ಎಂಟು ವರ್ಷದಿಂದ ಅವಳ ಕೈಯಲ್ಲೇ ಉಣ್ಣುತ್ತಿದ್ದೀರಿ. ತಪ್ಪು ಗೋಡೆ ಕೆಡವಿಸಿದ್ದೀರಿ ಭಾವ. ಈಗ ಉಣ್ಣಿ.

ಬಸವಲಿಂಗಯ್ಯ


ಪಾವಗಡ
೯-೧೧-೧೯೬೧

ಭಾವನವರ ಪಾದಗಳನ್ನು ಹಿಡಿದು ಬೇಡಿಕೊಳ್ಳುತ್ತೇನೆ.

ನಾಲ್ಕನೇ ತಾರೀಕಿನ ಕಾಗದ ಸುಳ್ಳು. ಅಕ್ಕ ಆ ಮಾತು ಆಡಲಿಲ್ಲ. ಅವಳು ಆಗ ಒಳಮನೆಯಲ್ಲಿ ಜಡೆ ಹಾಕಿಸಿಕೊಳ್ಳುತ್ತಿದ್ದಳು, ಅವಳ ಕಿವಿಗೇ ಬಿದ್ದಿಲ್ಲ. ಅಮ್ಮನೂ ಆಡಲಿಲ್ಲ. ಆಡಿದವನು ನಾನು. ನೀರಿನ ಚೊಂಬು ತರಲು ತಟ್ಟಿಯ ಹಿಂದೆ ಹೋಗಿದ್ದಾಗ ಅಡುಗೆಯವರನ್ನು ನಗಿಸಲು ಹೆಂಗಸಿನ ದನಿ ಮಾಡಿ ಅಂದೆ. ಆಚೆ ಬಂದು ಏನೂ ತಿಳಿಯದವನ ಹಾಗೆ ನಿಮ್ಮ ಕಾಲಿಗೆ ನೀರು ಹುಯ್ದೆ. ಆಗ ಹದಿನೇಳು ವರ್ಷ, ಬುದ್ಧಿಯಿರಲಿಲ್ಲ. ಆಮೇಲೆ ಹೇಳಲು ಧೈರ್ಯವಾಗಲಿಲ್ಲ. ನಿಮ್ಮ ಮೊದಲನೇ ಕಾಗದ ಬಂದಾಗಲೇ ಹೇಳಿಬಿಟ್ಟಿದ್ದರೆ ಮನೆ ಉಳಿಯುತ್ತಿತ್ತು.

ಮನೆ ಹೋದ ಸಿಟ್ಟಿನಲ್ಲಿ ನಿಮಗೆ ಎಲ್ಲಿ ಹೊಡೆದರೆ ನೋಯುತ್ತದೆ ಅಂತ ಹುಡುಕಿದೆ. ಅಕ್ಕ ಸಿಕ್ಕಳು. ಬರೆದು ಡಬ್ಬಿಗೆ ಹಾಕಿದ ದಿನದಿಂದ ನಿದ್ದೆಯಿಲ್ಲ. ಮಾಡುವುದನ್ನು ನನಗೆ ಮಾಡಿ. ಅಕ್ಕನಿಗೆ ಒಂದು ಮಾತೂ ಅನ್ನಬೇಡಿ. ಏಳು ತಿಂಗಳ ಬಸುರಿ.

ಬಸವಲಿಂಗಯ್ಯ


ಮಧುಗಿರಿ
೧೨-೧೧-೧೯೬೧

ಬಸವಲಿಂಗಯ್ಯನಿಗೆ,

ನಿನ್ನ ನಾಲ್ಕನೇ ತಾರೀಕಿನ ಕಾಗದ ಮಂಗಳವಾರ ಬಂತು. ಒಂಬತ್ತನೆಯದು ನಿನ್ನೆ, ಶನಿವಾರ. ಗುರುವಾರ ಬೆಳಿಗ್ಗೆ ಸಿದ್ದಗಂಗೆಯನ್ನು ಶಿರಾ ಬಸ್ಸಿಗೆ ಹತ್ತಿಸಿದೆ. ನೀನು ಈ ಎರಡನೆಯ ಕಾಗದಕ್ಕೆ ಅಂಟು ಹಚ್ಚುತ್ತಿದ್ದ ಹೊತ್ತಿಗೆ ಅವಳು ಮಂಟಪದ ಗೇಟಿನಲ್ಲಿ ಇಳಿದಿರಬೇಕು.

ಯಾಕೆ ಅಂತ ಅವಳಿಗೆ ಹೇಳಲಿಲ್ಲ. ತವರಿಗೆ ಹೋಗು, ಮತ್ತೆ ಬರಬೇಡ ಅಂದೆ. ಬಾಗಿಲ ಹತ್ತಿರ ನಿಂತು ಎರಡು ಸಲ ಕೇಳಿದಳು. ನಾನು ನಕ್ಷೆ ಬಿಚ್ಚಿಕೊಂಡು ಕೂತೆ. ತವರು ಇಲ್ಲ ಅನ್ನುವುದನ್ನೂ ಹೇಳಲಿಲ್ಲ. ಹೇಳಬೇಡಿ ಅಂತ ಬೇಡಿಕೊಂಡವನು ನೀನೇ.

ನಿನ್ನ ಎರಡು ಕಾಗದಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ನಾನು ಹೇಗೆ ತಿಳಿಯಲಿ? ನಿಮ್ಮ ಮನೆಯ ಲೆಕ್ಕ ನನಗೆ ಗೊತ್ತಿದೆ. ಒಂದಕ್ಕೆ ಎರಡು ಬರೆದು ಸಹಿ ಮಾಡುವವರು. ಆದರೂ ಇವತ್ತು ಭಾನುವಾರ, ಕಚೇರಿಯಿಲ್ಲ, ಒಲೆ ಹಚ್ಚುವವರಿಲ್ಲ. ಎರಡನೆಯದೇ ನಿಜವಿರಬೇಕು ಅಂತ ಬೆಳಿಗ್ಗೆಯಿಂದ ಅನ್ನಿಸುತ್ತಿದೆ. ಅವಳು ತಲುಪಿದಳೋ ಇಲ್ಲವೋ ಅದನ್ನು ತಿಳಿಸು. ಬರುವ ಮನಸ್ಸಿದ್ದರೆ ಕರೆದುಕೊಂಡು ಬಾ.

ಮಲ್ಲಿಕಾರ್ಜುನಯ್ಯ


ಶಿರಾ
೨೪-೧೧-೧೯೬೧

ಅಕ್ಕ ಇದ್ದಾಳೆ. ನೀವು ಬಸ್ಸು ಹತ್ತಿಸಿದ ಆ ಗುರುವಾರ ಮಧ್ಯಾಹ್ನ ಗೇಟಿನಲ್ಲಿ ಇಳಿದು, ಊರು ತಪ್ಪಿ ಇಳಿದೆನೇನೋ ಅಂತ ಬಸ್ಸಿನ ಹಿಂದೆ ಕೂಗುತ್ತಾ ಓಡಿದಳಂತೆ. ಜಲ್ಲಿ ರಾಶಿಗೆ ಎಡವಿ ಬಿದ್ದಳು. ಹಿದಾಯತುಲ್ಲಾನ ಹೆಂಡತಿ ಅಫ್ಜಲುನ್ನೀಸಾ ಓಡಿಬಂದು ಎತ್ತಿಕೊಂಡು ಹೋದರು. ಸೂಲಗಿತ್ತಿ ನರಸಮ್ಮ ಬಂದು ನೋಡಿ ಮಗು ಉಳಿದಿದೆ ಅಂದಳು. ಹಿದಾಯತುಲ್ಲಾ ನನ್ನನ್ನು ಹುಡುಕಿಕೊಂಡು ಪಾವಗಡಕ್ಕೆ ಬಂದ. ಅಮ್ಮನನ್ನು ಪಾವಗಡದಲ್ಲೇ ಬಿಟ್ಟು ನಾನು ಬಂದೆ.

ನಾನು ಅಕ್ಕನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಚಪ್ಪರದ ಮಾತು, ಬೀಜದ ಲೆಕ್ಕ, ನಿಮ್ಮ ನಕ್ಷೆ, ನನ್ನ ಸುಳ್ಳು ಕಾಗದ. ನಿಮ್ಮ ಹನ್ನೆರಡನೇ ತಾರೀಕಿನ ಕಾಗದವನ್ನೂ ಓದಿದೆ. ಬರುವ ಮನಸ್ಸಿದ್ದರೆ ಅನ್ನುವ ಜಾಗವನ್ನು ಇನ್ನೊಂದು ಸಲ ಓದಿಸಿಕೊಂಡಳು. ಆಮೇಲೆ ಅಂದದ್ದನ್ನು ಅವಳು ಅಂದ ಹಾಗೆಯೇ ಬರೆಯುತ್ತೇನೆ. ಹಾಗೆಯೇ ಬರೆಯಬೇಕೆಂದು ಆಣೆ ಮಾಡಿಸಿಕೊಂಡಿದ್ದಾಳೆ.

"ಎಂಟ್ ವರ್ಸ ಅವ್ರಿಗೆ ಬೇಯ್ಸಿ ಹಾಕ್ದೆ. ಚಿಕ್ಕೋನಾಗಿದ್ದಾಗ ನಿನ್ನ ಸೊಂಟದ್ ಮೇಲೆ ಹೊತ್ಕೊಂಡು ತಿರುಗ್ದೆ. ನೀವಿಬ್ರೂ ಒಂದ್ ವರ್ಸದಿಂದ ಕಾಗ್ದ ಬರ್ಕೊಂಡ್ರಲ್ಲ, ಒಬ್ರಾದ್ರೂ ನನ್ನ ಒಂದ್ಮಾತು ಕೇಳಿದ್ರ?"

ಪಾವಗಡಕ್ಕೆ ಬಾ ಅಕ್ಕ ಅಂದೆ, ಬರುವುದಿಲ್ಲ ಅಂದಳು. ಹಿದಾಯತುಲ್ಲಾ ತನ್ನ ಅಂಗಡಿಯ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದಾನೆ. ಅವಳದೇ ಒಲೆ, ಅವಳದೇ ಪಾತ್ರೆ. ರಸ್ತೆ ಕೆಲಸದ ಆಳುಗಳಿಗೆ ಮುದ್ದೆ ಸಾರು ಮಾಡಿ ಹಾಕುತ್ತಾಳೆ. ನನಗೂ ಒಂದು ಮುದ್ದೆ ಇಟ್ಟಳು. ನಾನು ಉಂಡು ಕೈ ತೊಳೆಯುವಾಗ ಹೇಳಿದಳು. "ಹುಟ್ಟೋ ಮಗೀಗೆ ಅಪ್ಪನೂ ಇಲ್ಲ, ಸೋದರಮಾವನೂ ಇಲ್ಲ ಅಂತ ಹೇಳ್ಕೊಂಡು ಬೆಳಸ್ತೀನಿ. ಇಬ್ರೂ ಇತ್ತಾಗೆ ಬರ್ಬೇಡಿ."

ಇದನ್ನು ನಿಮಗೆ ಬರೆದು ಮುಟ್ಟಿಸಿ ಹೋಗಬೇಕೆಂದು ಹೇಳಿದ್ದಾಳೆ. ಬರೆದಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಪಾವಗಡಕ್ಕೆ ಹೋಗುತ್ತೇನೆ.

ಬಸವಲಿಂಗಯ್ಯ